ಟ್ರಂಕಿನೊಳಗಿನ ಅಂಬಾಸಿಡರ್

ಕಳೆದ ವಾರ ಭಾಲ್ಕಿಯ ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಹತ್ತನೆಯ ತರಗತಿಯ ಹುಡುಗಿಯರು ಬ್ಯಾಟರಿಗೆ ತಂತಿಯನ್ನು ತಪ್ಪಾಗಿ ಜೋಡಿಸಿದರು. ಸಣ್ಣಗೆ ಹೊಗೆ ಎದ್ದು, ಪ್ಲಾಸ್ಟಿಕ್ ಕರಗಿದ ವಾಸನೆ ಕೋಣೆಯಲ್ಲೆಲ್ಲ ತುಂಬಿಕೊಂಡಿತು. ಎಲ್ಲರೂ ನನ್ನ ಮುಖವನ್ನೇ ನೋಡುತ್ತ ನಿಂತರು. ನನ್ನ ಸಿಟ್ಟು ಇಡೀ ಶಾಲೆಗೆ ಗೊತ್ತು, ಹೆಡ್‌ಮಾಸ್ತರರಿಗೂ ಗೊತ್ತು. ಆದರೆ ಅವತ್ತು ನನಗೆ ನಗು ತಡೆಯಲಾಗಲಿಲ್ಲ. "ಟೀಚರ್, ಆರಾಮ ಇದ್ದೀರಿಲ್ರಿ?" ಎಂದು ಒಬ್ಬಳು ಹೆದರುತ್ತಲೇ ಕೇಳಿದಳು. ಆರಾಮವಾಗಿಯೇ ಇದ್ದೆ. ಆ ವಾಸನೆ ನನ್ನನ್ನು ಬೀದರಿನ ನಮ್ಮ ಅಪ್ಪನ ಅಂಗಳಕ್ಕೆ, ಐದು ವರ್ಷದ ಹಿಂದಿನ ಒಂದು ಮಳೆಗಾಲಕ್ಕೆ ಕರೆದುಕೊಂಡು ಹೋಗಿತ್ತು. ಆಗ ಅದೇ ವಾಸನೆ ಎಬ್ಬಿಸಿದವಳು ವಿಜ್ಞಾನದ ಟೀಚರಾದ ನಾನೇ.

ಅಪ್ಪ ಒಂದು ಸರಕಾರಿ ಇಲಾಖೆಯಲ್ಲಿ ಡ್ರೈವರ್ ಆಗಿದ್ದ. ಸೇವೆಯ ಮೊದಲರ್ಧ ಪೂರ್ತಿ ಒಂದೇ ಗಾಡಿ, ಬಿಳಿ ಅಂಬಾಸಿಡರ್. ಸಾಹೇಬರು ಬದಲಾಗುತ್ತಿದ್ದರು, ಗಾಡಿ ಮತ್ತು ಅಪ್ಪ ಬದಲಾಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅದನ್ನು ಒರೆಸುವಾಗ ಅಪ್ಪ ತೋರಿಸುತ್ತಿದ್ದ ಕಕ್ಕುಲಾತಿಯಲ್ಲಿ ಕಾಲು ಭಾಗ ನನ್ನ ಓದಿಗೆ ತೋರಿಸಿದ್ದರೆ ನಾನು ಕಲೆಕ್ಟರ್ ಆಗುತ್ತಿದ್ದೆ ಎಂದು ಅವ್ವ ಈಗಲೂ ಹೇಳುತ್ತಾಳೆ. ಗಾಡಿಗೆ ವಯಸ್ಸಾದಾಗ ಇಲಾಖೆ ಅದನ್ನು ಹರಾಜು ಹಾಕಿತು. ಅವತ್ತು ಅಪ್ಪ ರಜೆ ಹಾಕಿ ಮನೆಯಲ್ಲಿ ಮಲಗಿದ್ದ.

ನಾನು ಬೀದರಿನಿಂದ ಭಾಲ್ಕಿಗೆ ದಿನಾ ರೈಲಿನಲ್ಲಿ ಹೋಗಿ ಬರುವವಳು. ಹಲಬರ್ಗಾದಲ್ಲಿ ಹತ್ತುವ ನಮ್ಮ ಶಾಲೆಯ ಗುಮಾಸ್ತರು ಒಂದು ದಿನ ಮಾತಿಗೆ ಮಾತು ಬಂದು, ತಮ್ಮ ಅಣ್ಣನ ಹೊಲದ ಶೆಡ್ಡಿನಲ್ಲಿ ಹಳೆಯ ಸರಕಾರಿ ಅಂಬಾಸಿಡರ್ ನಿಂತಿದೆ, ಅದರೊಳಗೆ ತೊಗರಿ ಚೀಲ ಇಡುತ್ತಾರೆ ಎಂದರು. ಮರುಭಾನುವಾರ ಏನೂ ಹೇಳದೆ ಅಪ್ಪನನ್ನು ಹಲಬರ್ಗಾಕ್ಕೆ ಕರೆದುಕೊಂಡು ಹೋದೆ. ಅಪ್ಪ ನಂಬರ್ ಪ್ಲೇಟ್ ನೋಡಲಿಲ್ಲ. ಬಾಗಿಲು ತೆಗೆದು ಸ್ಟಿಯರಿಂಗಿನ ಬಲಗಡೆ ಬೆರಳಾಡಿಸಿದ. ಅಲ್ಲಿ ಅವನ ಉಂಗುರ ತಾಗಿ ತಾಗಿ ಸವೆದ ಗುರುತಿತ್ತು. "ಇದs ಅದ," ಎಂದ. ಚೀಲಗಳನ್ನು ಇಳಿಸಿಕೊಟ್ಟು ನಾವು ಗಾಡಿಯನ್ನು ಕೊಂಡುಕೊಂಡೆವು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಅದನ್ನು ಬೀದರಿಗೆ ಎಳೆದು ತಂದಾಗ ಓಣಿಯ ಜನವೆಲ್ಲ ಹೊರಗೆ ಬಂದು ನಿಂತರು. "ಮದುವಿ ಗಾಡಿ ಏನ್ರಿ?" ಎಂದು ಪಕ್ಕದ ಮನೆಯವರು ಕೇಳಿದರು. ಸ್ಟಿಯರಿಂಗ್ ಹಿಡಿದು ಕೂತಿದ್ದ ಎಪ್ಪತ್ತರ ಅಪ್ಪ ನಾಚಿಕೊಂಡದ್ದನ್ನು ನಾನು ಮೊದಲ ಸಲ ನೋಡಿದೆ.

ಬೀದರಿನ ಪಕ್ಕದ ಕೊಳಾರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಮೆಕ್ಯಾನಿಕ್ ಮನೆಗೇ ಬಂದು ಇಂಜಿನ್ ಬಿಚ್ಚಿ ತೊಳೆದು, ತನ್ನದೇ ಬ್ಯಾಟರಿ ಹಚ್ಚಿ ಅದಕ್ಕೆ ಜೀವ ತಂದು, ಬ್ಯಾಟರಿ ತೆಗೆದುಕೊಂಡು ಹೋದ. ಬ್ರೇಕಿನ ಕೆಲಸವನ್ನು ಮಾತ್ರ ಅಪ್ಪ ಯಾರಿಗೂ ಬಿಡದೆ ಎದುರಿಗೆ ಕೂತು ಮಾಡಿಸಿಕೊಂಡ. ಅಷ್ಟರಲ್ಲಿ ಮೃಗಶಿರಾ ಮಳೆ ಹಿಡಿದು, ಅಂಗಳದ ಕೆಮ್ಮಣ್ಣಿನ ನೀರು ಗೇಟಿನ ತನಕ ಹರಿಯುತ್ತಿತ್ತು. ತಗಡಿನ ಮಾಡಿನ ಕೆಳಗೆ ಗಾಡಿ ನಿಂತಿತ್ತು. ಆಗಲೇ ಅಪ್ಪ ಮಂಚದ ಕೆಳಗಿನ ಕಬ್ಬಿಣದ ಟ್ರಂಕನ್ನು ಎಳೆದು ತಂದದ್ದು.

ಅದರಲ್ಲಿ ಅಪ್ಪನ ಹಳೆಯ ಯೂನಿಫಾರ್ಮ್ ಇದೆಯೆಂದೇ ನಾನು ಮತ್ತು ಅವ್ವ ತಿಳಿದಿದ್ದೆವು. ಮುಚ್ಚಳ ತೆಗೆದರೆ ಒಂದೊಂದು ಸಾಮಾನೂ ಹಳೆಯ ಪೇಪರಿನಲ್ಲಿ ಸುತ್ತಿಟ್ಟದ್ದು. ನೀಲಿ ರೆಕ್ಕೆಯ ಪುಟ್ಟ ಫ್ಯಾನು. ಮುಂದಿನ ಬಂಪರಿಗೆ ಹಾಕುವ ಹಳದಿ ದೀಪದ ಜೋಡಿ. ಎರಡು ದನಿಯ ಹಾರ್ನು. ಕಿಟಕಿಗೆ ಪರದೆ ಕಟ್ಟುವ ಸಣ್ಣ ಸರಳು, ರಿಂಗು. ಹೂವಿಡುವ ಗಾಜಿನ ಕೊಳವೆ. ಕುಳಿತ ಬುದ್ಧನ ಬೆರಳುದ್ದದ ಮೂರ್ತಿ. ತಳದಲ್ಲಿ, ಎರಡು ಪೇಪರ್ ಸುತ್ತಿದ ಇನ್ನೊಂದು ಗಂಟು. ಅದನ್ನು ಅಪ್ಪ ಬಿಚ್ಚದೆ ಪಕ್ಕಕ್ಕಿಟ್ಟ.

ಸಾಹೇಬರನ್ನು ಹೈದರಾಬಾದಿಗೆ ಕರೆದುಕೊಂಡು ಹೋದಾಗಲೆಲ್ಲ ಅಪ್ಪ ಮೀಟಿಂಗ್ ಮುಗಿಯುವ ತನಕ ಕಾರಿನ ಸಾಮಾನಿನ ಬಜಾರು ತಿರುಗಿ, ತನ್ನ ಜೇಬಿನಿಂದಲೇ ಒಂದೊಂದನ್ನು ತಂದಿದ್ದ. ಆ ಹೂವಿನ ಕೊಳವೆಯನ್ನು ಒಮ್ಮೆ ಗಾಡಿಗೆ ಹಚ್ಚಿಯೂ ಇದ್ದನಂತೆ. ಆಗಿನ ಸಾಹೇಬರು ನೋಡಿ, "ತೆಗೆಯಪ್ಪ ಇದನ್ನ. ಸರಕಾರಿ ಗಾಡಿ, ನಿಂದಲ್ಲ" ಎಂದಿದ್ದರು. ಆಮೇಲೆ ಅಪ್ಪ ತರುವುದನ್ನು ಬಿಡಲಿಲ್ಲ, ಹಚ್ಚುವುದನ್ನು ಬಿಟ್ಟ. ಅವ್ವ ಟ್ರಂಕಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, "ನನಗ ಹೈದರಾಬಾದಿಂದ ಒಂದು ಡಜನ್ ಬಳಿ ತರ್ಲಿಕ್ಕಿ ಆಗ್ಲಿಲ್ಲ. ಗಾಡಿಗಿ ಮಾತ್ರ ಇಷ್ಟ್ ದಾಗೀನ ಮಾಡ್ಸ್ಯಾನ ನೋಡ್" ಎಂದಳು. ಹಾಗೆಂದವಳೇ ತನ್ನ ನೀಲಿ ಸೀರೆಯೊಂದನ್ನು ಕತ್ತರಿಸಿ ಪರದೆ ಹೊಲಿಯಲು ಕೂತಳು.

ಈ ಸಡಗರದ ಹಿಂದೆ ಒಬ್ಬಳಿದ್ದಳು. ಅಪ್ಪನ ಅಕ್ಕ, ಔರಾದ್ ಆಚೆಯ ಎಕಂಬಾದ ಸೋನಾಬಾಯಿ ಅತ್ತೆ.

ನಾನು ಹುಟ್ಟಿದ ವರ್ಷದ ಮಳೆಗಾಲ. ಅವ್ವನನ್ನು ಹೆರಿಗೆಗೆ ಬೀದರಿನ ಆಸ್ಪತ್ರೆಗೆ ಸೇರಿಸಿದ್ದರು. ಬಾಣಂತನ ಮಾಡಲು ಅತ್ತೆ ಗಂಟು ಕಟ್ಟಿಕೊಂಡು ಎಕಂಬಾ ಕ್ರಾಸಿನ ಬೇವಿನ ಮರದ ಕೆಳಗೆ ಬಂದು ನಿಂತರೆ ಬಸ್ಸು ಹೋಗಿಬಿಟ್ಟಿತ್ತು. ಸಂಜೆ, ಜೋರು ಮಳೆ. ಅಷ್ಟರಲ್ಲಿ ತಮ್ಮನ ಬಿಳಿ ಗಾಡಿ ಬಂತು. ಅತ್ತೆ ಕೈ ಮಾಡಿದಳು. ಹಿಂದಿನ ಸೀಟಿನಲ್ಲಿ ಸಾಹೇಬರಿದ್ದರು. ಅಪ್ಪ ಅಕ್ಕನನ್ನು ನೋಡಿದ, ನಿಲ್ಲಿಸಲಿಲ್ಲ. ಅತ್ತೆ ನೆನೆದುಕೊಂಡು ನಿಂತು, ಕೊನೆಗೆ ಯಾವುದೋ ಲಾರಿ ಹತ್ತಿ ಆಸ್ಪತ್ರೆ ಮುಟ್ಟಿದಾಗ ನಾನು ಹುಟ್ಟಿಯಾಗಿತ್ತು.

ಅತ್ತೆ ನನ್ನನ್ನು ಎತ್ತಿಕೊಂಡಳು, ಎರೆದಳು, ತಿಂಗಳುಗಟ್ಟಲೆ ಬಾಣಂತನ ಮಾಡಿದಳು. ಆದರೆ ತಮ್ಮನೊಂದಿಗೆ ಅಂದು ಬಿಟ್ಟ ಮಾತನ್ನು ಮತ್ತೆ ಆಡಲಿಲ್ಲ. ಮಾತು ಬಿಟ್ಟಳೆಂದರೆ ಜಗಳವಲ್ಲ. ನೇರ ಮಾತು ಇಲ್ಲ, ಅಷ್ಟೇ. ಅಪ್ಪ ಎದುರಿಗೇ ಕೂತಿದ್ದರೂ "ಸುಜಾತಾ, ನಿಮ್ಮಪ್ಪಗ ಚಾ ಕುಡಿ ಅಂತ ಹೇಳ್" ಎನ್ನುವಳು. ನಾನಿಲ್ಲದಿದ್ದರೆ ಅವ್ವ, ಅವ್ವನೂ ಇಲ್ಲದಿದ್ದರೆ ಎಕಂಬಾದ ಮನೆಯ ಎಮ್ಮೆ. "ಇವಗ ಕೇಳ್, ಉಣ್ತಾನೇನು" ಎಂದು ಎಮ್ಮೆಗೆ ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಬೀದರಿನ ನಮ್ಮ ಮನೆಯಲ್ಲಿ ಅವಳು ಮತ್ತೆ ಒಂದು ರಾತ್ರಿಯೂ ಉಳಿದವಳಲ್ಲ. ನನ್ನ ಮದುವೆಗೂ ಬಸ್ಸಿನಲ್ಲಿ ಬಂದು, ಉಂಡು, ಬಸ್ಸಿನಲ್ಲೇ ಹೋದಳು. ಚಿಕ್ಕವಳಿದ್ದಾಗ ನನಗಿದು ಆಟವಾಗಿತ್ತು. ಅದರ ಭಾರ ನನಗೆ ತಿಳಿದದ್ದು ಗಾಡಿ ತಂದ ಮೇಲೆ.

"ಎಲ್ಲಾ ಹಚ್ಚಿ ಮುಗಿದ ಮ್ಯಾಲ ಅಕ್ಕನ್ನ ಕರಕೊಂಡ್ ಬರ್ತೇನಿ," ಎಂದ ಅಪ್ಪ. "ನನ್ನ ಗಾಡ್ಯಾಗ."

ನನ್ನ ಗಾಡಿ ಎಂದನಾದರೂ, ಮೊದಲ ತೂತು ಹಾಕಲು ಮೂರು ದಿನ ಬೇಕಾಯಿತು. ಫ್ಯಾನು ಕೂರಿಸಲು ಡ್ಯಾಶ್‌ಬೋರ್ಡಿನಲ್ಲಿ ಎರಡು ತೂತು ಬೇಕು. ಅಪ್ಪ ಅಳತೆ ಮಾಡಿದ, ಪೆನ್ಸಿಲ್ ಗುರುತು ಹಾಕಿದ, ಅಳಿಸಿದ, ಮತ್ತೆ ಹಾಕಿದ. ಕೈ ಡ್ರಿಲ್ಲಿನ ಮೊನೆ ತಗಡಿಗೆ ತಾಗಿಸಿ ನನ್ನ ಕಡೆ ತಿರುಗಿ, "ತೂತ್ ಹಾಕ್ಲೇನ್?" ಎಂದ. ನಾನು ಹಾಕು ಎಂದೆ. ಐದು ನಿಮಿಷ ಬಿಟ್ಟು ಅವ್ವನನ್ನು ಕೇಳಿದ. ಒಂದು ಗೀರು ಬಿದ್ದರೆ ಮೆಮೊ ಕೊಡುತ್ತಿದ್ದ ಗಾಡಿ ಅದು. ನನಗೆ ನೋಡಲಾಗಲಿಲ್ಲ. ಸಂಕಟವಾದಾಗ ನನಗೆ ಬರುವುದು ಸಿಟ್ಟು. "ಯಾರನ್ನ ಕೇಳ್ತಿ ಅಪ್ಪಾ? ನಿನ್ನ ಗಾಡಿ, ನಿನ್ನ ಫ್ಯಾನು!" ಎಂದು ಗದರಿದೆ. ಆಗ ತೂತು ಬಿತ್ತು. ಸುರುಳಿ ಸುರುಳಿಯಾಗಿ ಉದುರಿದ ತಗಡಿನ ಚೂರನ್ನು ಅಪ್ಪ ಅಂಗೈಯಲ್ಲಿ ಹಿಡಿದುಕೊಂಡು ನೋಡಿದ.

ಅಲ್ಲಿಂದ ಕೆಲಸ ಸರಾಗವಾಯಿತು. ಶನಿವಾರದ ಅರ್ಧ ದಿನ, ಭಾನುವಾರದ ಪೂರ್ತಿ ದಿನ ನಾನು ತವರಿನ ಅಂಗಳದಲ್ಲೇ. ನನ್ನ ಮನೆ ಅಲ್ಲಿಂದ ಎರಡೇ ಓಣಿ ಆಚೆ. ಸಂಜೆ ಗ್ರೀಸ್ ಹತ್ತಿದ ಕೈಯಲ್ಲಿ ಹೋದರೆ ನನ್ನ ಗಂಡ ಬಾಗಿಲು ತೆಗೆಯುತ್ತ, "ಬರ್ರಿ ಮಿಸ್ತ್ರಿ" ಎನ್ನುತ್ತಿದ್ದರು. ಹಳದಿ ದೀಪ ಕೂತವು. ಹಾರ್ನು ಕೂತಿತು. ಮಳೆ ಜೋರಾದಾಗ ನಾವಿಬ್ಬರೂ ಗಾಡಿಯೊಳಗೇ ಕೂತು ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಿದ್ದೆವು. ಅಪ್ಪನೊಂದಿಗೆ ಅಷ್ಟು ಹೊತ್ತು ಒಂದೇ ಕಡೆ ಕೂತದ್ದು ನನ್ನ ಇಡೀ ಜೀವನದಲ್ಲಿ ಅದೇ ಮೊದಲು. ನನಗೆ ಬಹಳ ಸುಖವೆನಿಸುತ್ತಿತ್ತು.

ಹೊಸ ಬ್ಯಾಟರಿ ತಂದ ದಿನ ತಂತಿ ಜೋಡಿಸುವ ಕೆಲಸವನ್ನು ನಾನು ಕೈಗೆ ತೆಗೆದುಕೊಂಡೆ. ಹದಿಮೂರು ವರ್ಷದಿಂದ ವಿದ್ಯುತ್ತಿನ ಪಾಠ ಮಾಡುವವಳು ನಾನು. ಮೈನಸ್ ತಂತಿ ಗಾಡಿಯ ಮೈಗೆ, ಪ್ಲಸ್ ಉಳಿದದ್ದಕ್ಕೆ. ಈಗಿನ ಯಾವ ಗಾಡಿ ತೆಗೆದು ನೋಡಿದರೂ ಹೀಗೇ. ಅಪ್ಪ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತು ಒಮ್ಮೆ ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ. ದೀಪ ಹಾಕಿದೆ, ಝಗ್ಗೆಂದು ಹತ್ತಿದವು. ಹಾರ್ನ್ ಒತ್ತಿದೆ, ಓಣಿಯ ನಾಯಿಗಳೆಲ್ಲ ಎದ್ದವು. ಫ್ಯಾನು ಹಾಕಿದೆ. ತಿರುಗಿತು, ಆದರೆ ಗಾಳಿ ನಮ್ಮ ಕಡೆ ಬರದೆ ಮುಂದಿನ ಗಾಜಿಗೆ ಬಡಿಯಿತು. "ಎಷ್ಟೋ ವರ್ಷ ಪೇಪರಿನಾಗ ಮಲಗಿತ್ತಲ್ಲ, ದಿಕ್ಕು ಮರ್ತದ," ಎಂದು ನಾನೇ ಜೋಕು ಮಾಡಿದೆ. ಅಪ್ಪ ನಗಲಿಲ್ಲ. ಇಂಜಿನ್ ಚಾಲೂ ಮಾಡಿ ಆಕ್ಸಿಲರೇಟರ್ ಒತ್ತಿದೆ. ಬಾನೆಟ್ಟಿನ ಕೆಳಗೆ, ಡೈನಮೊ ಮತ್ತು ಬ್ಯಾಟರಿಯ ನಡುವೆ ಇರುವ ಸಣ್ಣ ಡಬ್ಬಿಯಿಂದ ಹೊಗೆ ಎದ್ದಿತು. ಅಪ್ಪ ಓಡಿ ಹೋಗಿ ಬ್ಯಾಟರಿಯ ತಂತಿಯನ್ನು ಕಿತ್ತೆಸೆದ. ಪ್ಲಾಸ್ಟಿಕ್ ಸುಟ್ಟ ವಾಸನೆ ಅವ್ವನ ಅಡುಗೆಮನೆಯ ತನಕ ಹೋಯಿತು.

ಬಾನೆಟ್ ಮೇಲೆ ಕೈಯೂರಿಕೊಂಡು ಅಪ್ಪ ಮೆಲ್ಲಗೆ ಹೇಳಿದ: "ಈ ಗಾಡಿದು ಪ್ಲಸ್ ತಂತಿ ಮೈಗಿ ಇರ್ತದ."

"ನಿನಗ ಗೊತ್ತಿತ್ತೇನು?"

"ಗೊತ್ತಿತ್ತು. ಹಳೇ ಗಾಡಿ ಹಂಗs ಇರ್ತಾವ."

"ಮತ್ತ ಬಾಯಿ ಬಿಟ್ಟು ಹೇಳಲಿಕ್ಕಿ ಏನಾಗಿತ್ತು?"

"ನೀ ಓದಿದಾಕಿ," ಎಂದ ಅಪ್ಪ. "ನಾ ಡ್ರೈವರ್. ಸಾಹೇಬ್ರು ಹೇಳಿದ್ದಕ್ಕ ಹೂಂ ಅನ್ನೂದು ರೂಢಿ ಆಗ್ಯದ."

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಅವನ ಮಗಳು ಯಾವಾಗ ಅವನ ಸಾಹೇಬಳಾದಳೋ ನನಗೆ ತಿಳಿಯದು. ನಾಚಿಕೆಯಾಯಿತು. ಸುಮ್ಮನೆ ಹೋಗಿ ಗಾಡಿಯೊಳಗೆ ಕೂತೆ. ಅಪ್ಪನೂ ಬಂದು ಕೂತ. ಮಳೆ ಬರುತ್ತಿತ್ತು. ನಾನು ಕೇಳದೆಯೇ ಅವನು ಎಕಂಬಾ ಕ್ರಾಸಿನ ಆ ಸಂಜೆಯ ಮಾತು ತೆಗೆದ.

"ಸಾಹೇಬ್ರು ಬ್ಯಾಡ ಅಂದ್ರು ಅಂತ ಅಕ್ಕ ತಿಳಕೊಂಡಾಳ. ಅವರು ಏನೂ ಅಂದಿಲ್ಲ. ಒಳ್ಳೇ ಮನುಷ್ಯಾ. ನಮ್ಮಕ್ಕ ನಿಂತಾಳ್ರಿ, ಕುಂದ್ರಿಸಿಕೊಳ್ಳಲೇನ್ರಿ ಅಂತ ಕೇಳಿದ್ರ ಹೂಂ ಅಂತಿದ್ರು. ಮಾತು ಗಂಟಲದಾಗೇ ಇತ್ತು ನೋಡ್. ಕಾಲು ಬ್ರೇಕಿನ ಮ್ಯಾಲ ಇತ್ತು. ಕನ್ನಡಿಯಾಗ ಅಕ್ಕ ಕಾಣ್ತಿದ್ದಳು. ಬೀದರ ಬಂತು, ಮಾತು ಹೊರಗ ಬರಲಿಲ್ಲ."

"ಇದನ್ನ ಅತ್ತಿಗಿ ಹೇಳೀಯೇನು?"

"ಆಕಿ ಮಾತಾಡಿದ್ರ ಅಲ್ಲೇನು, ಹೇಳೂದು?"

ಮರುದಿನ ರಶೀದ್ ಉಸ್ತಾದರನ್ನು ಕರೆಸಿದೆವು. ಗಾಡಿಯ ವೈರಿಂಗ್ ಕೆಲಸದಲ್ಲಿ ಅವರ ಮನೆತನದ ಮೂರನೆಯ ತಲೆಮಾರು. ಸುಟ್ಟ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ಮೂಸಿ, "ಯಾರ್ರೀ ಈ ಕಮಾಲ್ ಮಾಡಿದ್ದು?" ಎಂದರು. ನಾನು ಕೈ ಎತ್ತಿದೆ. "ಅರೆ ಟೀಚರಮ್ಮಾ! ಇದು ಉಲ್ಟಾ ಗಾಡಿರಿ. ಕಿತಾಬಿನಾಗ ಇದರ ಮಾತು ಇರಂಗಿಲ್ಲ. ಬಾಜೂಕ ಇಂಥಾ ಡ್ರೈವರ್ ಸಾಬ್ ಇದ್ದಾಗ ಕೇಳಬೇಕಿಲ್ರಿ?" ಎಂದು, ತಮ್ಮ ಗುಜರಿ ಡಬ್ಬದಿಂದ ಅಂಥದ್ದೇ ಹಳೆಯ ಡಬ್ಬಿಯೊಂದನ್ನು ಹುಡುಕಿ ಹಾಕಿಕೊಟ್ಟರು. ತಂತಿ ಸರಿಯಾಗಿ ಜೋಡಿಸಿದ ಮೇಲೆ ಫ್ಯಾನಿನ ಗಾಳಿ ಅಪ್ಪನ ಮುಖಕ್ಕೆ ಬಂತು. ಅವನ ನಾಲ್ಕು ಬಿಳಿ ಕೂದಲು ಹಾರಿದವು. ಕಣ್ಣು ಮುಚ್ಚಿಕೊಂಡು ಕೂತ.

ಆವತ್ತಿನಿಂದ ನಾನು ಅಪ್ಪನನ್ನು ಕೇಳದೆ ಒಂದು ಸ್ಕ್ರೂ ತಿರುಗಿಸಲಿಲ್ಲ. ಇದರಿಂದ ಬೇರೆ ತೊಂದರೆ ಶುರುವಾಯಿತು. ಕೇಳುವವರು ಸಿಕ್ಕರೆಂದು ಅಪ್ಪ ಹೇಳತೊಡಗಿದ. ಸ್ಪ್ಯಾನರ್ ಹಿಡಿಯುವ ರೀತಿ ಸರಿಯಿಲ್ಲ, ಪರದೆ ಓರೆಯಾಗಿದೆ, ಚಹಾಕ್ಕೆ ಸಕ್ಕರೆ ಕಡಿಮೆ. "ಇಷ್ಟ್ ವರ್ಷ ಸುಮ್ಮ ಇದ್ದಾಂವ ಛಲೋ ಇದ್ದ," ಎಂದು ಅವ್ವ ಗೊಣಗಿದಳು. ಅವಳಿಗೂ ಒಳಗೊಳಗೆ ಖುಷಿಯೇ.

ಶ್ರಾವಣದ ಹೊತ್ತಿಗೆ ಎಲ್ಲ ಮುಗಿಯಿತು. ಬುದ್ಧ ಡ್ಯಾಶ್‌ಬೋರ್ಡಿನ ನಡುವೆ ಕೂತ. ಕೊಳವೆಗೆ ಅವ್ವ ದಾಸವಾಳ ಇಟ್ಟಳು. ನಾನು ಎಕಂಬಾಕ್ಕೆ ಫೋನ್ ಮಾಡಿ, "ಅತ್ತಿ, ಗಾಡಿ ತಯಾರಾಗ್ಯದ. ಐತವಾರ ಅಪ್ಪ ನಿಮ್ಮ ಮನಿಗಿ ಬರ್ತಾನ, ಕರಕೊಂಡ್ ಬರಲಿಕ್ಕಿ" ಎಂದೆ.

"ಮನಿಗಿ ಬರೂದು ಬ್ಯಾಡ ಅಂತ ಹೇಳ್," ಎಂದಳು ಅತ್ತೆ. ಎಲ್ಲ ಮುಗಿಯಿತು ಎಂದುಕೊಂಡೆ. "ಕ್ರಾಸಿನ್ಯಾಗ ಬೇವಿನ ಗಿಡದ ಬುಡಕ ನಿಂದ್ರತೇನಿ. ಆಗ ನಿಂತಲ್ಲೇ. ಬಂದು ನಿಂದ್ರಸ್ತಾನೇನು, ಕೇಳ್ ಅವಗ."

ಅಪ್ಪನಿಗೆ ಹೇಳಿದೆ. ಅವನು ಎದ್ದು ಹೋಗಿ, ಬಿಚ್ಚದೆ ಇಟ್ಟಿದ್ದ ಕೊನೆಯ ಗಂಟನ್ನು ಬಿಚ್ಚಿದ. ಹೊರಗೆ, ಬಲಗಡೆ ಹಾಕುವ ದುಂಡನೆಯ ಕನ್ನಡಿ. ಆ ಸಂಜೆಗಿಂತ ಸ್ವಲ್ಪ ಮೊದಲು ಕೊಂಡದ್ದಂತೆ. ಆಮೇಲೆ ಅದನ್ನು ನೋಡುವ ಮನಸ್ಸೇ ಆಗಿರಲಿಲ್ಲ ಎಂದ. ಯಾರನ್ನೂ ಕೇಳದೆ ಮಡ್‌ಗಾರ್ಡಿಗೆ ತೂತು ಹಾಕಿದ.

ಭಾನುವಾರ ಬೆಳಿಗ್ಗೆ ಹೊರಟಾಗ ಮೋಡವಷ್ಟೇ ಇತ್ತು. ಔರಾದ್ ದಾಟುವಾಗ ಮಳೆ ಹಿಡಿಯಿತು. ಎರಡೂ ಕಡೆ ಹೆಸರು, ಉದ್ದಿನ ಹೊಲಗಳು ಮಸುಕಾದವು. ಗಾಜಿನ ಒಳಗಡೆ ಆವಿ ಕಟ್ಟಿ ಏನೂ ಕಾಣದಾಯಿತು. ಅಪ್ಪ ಫ್ಯಾನಿನ ಕತ್ತು ತಿರುಗಿಸಿ, ನಾನು ತಂತಿ ಉಲ್ಟಾ ಹಚ್ಚಿದ ದಿನದಂತೆ ಗಾಜಿಗೆ ಗಾಳಿ ಬಿಟ್ಟ, ಆವಿ ಹೋಯಿತು. "ನಿನ್ನ ಶಾಣ್ಯಾತನ ಇವತ್ತ ಕೆಲಸಕ್ಕ ಬಂತು," ಎಂದ ನನಗೆ. ನಾನು ಅವನ ತೋಳು ಚಿವುಟಿದೆ. ಅವನ ಕೈ ಮಾತ್ರ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಿತ್ತು.

ಬೇವಿನ ಮರ ಕಂಡಿತು. ಅದರ ಕೆಳಗೆ ಅತ್ತೆ, ತಲೆಯ ಮೇಲೆ ಗೊಬ್ಬರ ಚೀಲದ ಕೊಪ್ಪೆ, ಕಂಕುಳಲ್ಲಿ ಗಂಟು. ಹತ್ತಿರದಲ್ಲೇ ಬಸ್ ಸ್ಟ್ಯಾಂಡಿನ ಮಾಡು ಇತ್ತು, ಅದರೊಳಗೆ ಹೋಗಿ ನಿಂತಿರಲಿಲ್ಲ. ಎಪ್ಪತ್ತೈದರ ಮುದುಕಿ ನೆಟ್ಟಗೆ ನಿಂತು, ಬರುವ ಗಾಡಿಗೆ ಕೈ ಮಾಡಿದಳು. ಅಪ್ಪ ಅವಳ ಕಾಲಿನ ಮುಂದೆ ಬಾಗಿಲು ಬರುವಂತೆ ನಿಲ್ಲಿಸಿದ. ಮಳೆಯಲ್ಲೇ ಇಳಿದು ಸುತ್ತು ಹಾಕಿ ಬಂದು, ಸಾಹೇಬರಿಗೆ ತೆಗೆಯುತ್ತಿದ್ದಂತೆ ಹಿಂದಿನ ಬಾಗಿಲು ತೆಗೆದು ಹಿಡಿದುಕೊಂಡ. ಅತ್ತೆ ಅವನ ಮುಖ ನೋಡಲಿಲ್ಲ. ಕೆಸರು ಕಾಲಲ್ಲೇ ಹತ್ತಿ, ಸೀಟಿನ ಬಿಳಿ ಟವೆಲ್ಲಿನ ಮೇಲೆ ಗಂಟಿಟ್ಟುಕೊಂಡು ಕೂತಳು. ನಾನು ಮುಂದೆ ಕೂತಿದ್ದೆ. ಅತ್ತು ಬಿಡುತ್ತೇನೇನೋ ಎಂದು ಕಿಟಕಿಯ ಕಡೆ ತಿರುಗಿದೆ.

ಗಾಡಿ ಬೀದರಿನ ಕಡೆ ಹೊರಟಿತು. ಪರದೆ ಮುಟ್ಟಿ ನೋಡಿ ಅತ್ತೆ, "ಸುಜಾತಾ, ಇದು ನಿಮ್ಮವ್ವನ ಸೀರಿ ಹೌದಿಲ್ಲ?" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಪ್ಪಗ ಹೇಳ್, ಥಂಡಿ ಹತ್ತತದ, ಫ್ಯಾನ್ ಬಂದ್ ಮಾಡಂತ" ಎಂದಳು. ಅಪ್ಪ ನಾನು ಹೇಳುವ ಮೊದಲೇ ಬಂದ್ ಮಾಡಿದ. ಅಷ್ಟೇ. ಅವಳು ಹತ್ತಿದ್ದಳು, ಮಾತು ಮಾತ್ರ ಹತ್ತಿರಲಿಲ್ಲ. ಅಪ್ಪನ ಭುಜ ಇಳಿದದ್ದು ನನಗೆ ಪಕ್ಕದಿಂದ ಕಂಡಿತು.

ಔರಾದ್ ಬಿಟ್ಟು ನಾಲ್ಕಾರು ಮೈಲಿ ಬಂದಿರಬೇಕು. ರಸ್ತೆಯ ಬದಿಗೆ ಒಬ್ಬ ಹೆಂಗಸು, ಸೆರಗಿನೊಳಗೆ ಕೂಸು, ನೆನೆಯುತ್ತ ನಿಂತಿದ್ದಳು. ನಮ್ಮದು ಬಾಡಿಗೆ ಗಾಡಿಯಲ್ಲವೆಂದು ತಿಳಿದು ಕೈಯನ್ನೂ ಮಾಡಲಿಲ್ಲ. ಆಗ ಹಿಂದಿನಿಂದ ಅತ್ತೆಯ ಕೈ ಬಂದು ಅಪ್ಪನ ಭುಜಕ್ಕೆ ದಪ್ಪನೆ ಬಿತ್ತು.

"ಏ ಮಾಣಿಕ, ನಿಂದ್ರಸೋ!"

ಗಾಡಿ ಇದ್ದಲ್ಲೇ ನಿಂತಿತು. ಅಪ್ಪ ಸ್ಟಿಯರಿಂಗ್ ಹಿಡಿದವನು ಹಿಡಿದಂತೆಯೇ ಕೂತಿದ್ದ. ನಾನೇ ಇಳಿದು ಆ ಹೆಂಗಸನ್ನೂ ಕೂಸನ್ನೂ ಹಿಂದೆ ಹತ್ತಿಸಿದೆ. ಅತ್ತೆ ಸರಿದು ಜಾಗ ಮಾಡಿಕೊಟ್ಟು, ಸೀಟಿನ ಟವೆಲ್ ಎಳೆದು ಕೂಸಿನ ತಲೆ ಒರೆಸಿದಳು. ಗಾಡಿ ಮತ್ತೆ ಹೊರಟ ಮೇಲೆ ತಾನೇನು ಮಾಡಿದೆನೆಂದು ಅವಳಿಗೆ ಹೊಳೆದಿರಬೇಕು. "ಸುಜಾತಾ, ನಿಮ್ಮಪ್ಪಗ..." ಎಂದು ಶುರು ಮಾಡಿ ನಿಲ್ಲಿಸಿದಳು. ಕೊಪ್ಪೆಯನ್ನು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. ಆಮೇಲೆ ಮುಂದಿನ ಸೀಟಿಗೆ ಬಾಗಿ, ಅಪ್ಪನ ಕಿವಿಯ ಹತ್ತಿರವೇ ಹೇಳಿದಳು:

"ಬ್ರೇಕ್ ಛಲೋ ಅದಾವ ನಿನ್ನ ಗಾಡಿವು."

ಅಪ್ಪನ ಕಣ್ಣು ರಸ್ತೆಯ ಮೇಲೇ ಇತ್ತು. ಒಮ್ಮೆ ಗಂಟಲು ಸರಿಮಾಡಿಕೊಂಡ.

"ಹೌದಕ್ಕಾ," ಎಂದ. "ಅವತ್ತೂ ಛಲೋನೇ ಇದ್ದುವು."